ಪರದೇಶದ ಕುದುರೆಯ ಮೈಮೇಲಿನ ಮೂರು ಬರೆ

ಎರಡು ವರ್ಷಗಳಿಂದ ನಾನು ಈಜಿಪ್ಟಿನ ಒಂದು ಕುದುರೆಯ ಮೇವಿಗೆ ತಿಂಗಳಿಗೊಮ್ಮೆ ಹಣ ಕಳಿಸುತ್ತಿದ್ದೆ. ಗಾಡಿ ಎಳೆದು ಸೋತ ಕುದುರೆ, ಕತ್ತೆಗಳನ್ನು ತಂದು ಸಾಕುವ ಚಿಕ್ಕ ಆಶ್ರಯವೊಂದು ಅಲ್ಲಿದೆ. ಗೋಕಾಕದ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಕಣ್ಣಿಗೆ ಅದು ಹೇಗೆ ಬಿತ್ತೋ ಈಗ ಸರಿಯಾಗಿ ನೆನಪಿಲ್ಲ. ಯಾರೋ ಮೊಬೈಲಿಗೆ ಕಳಿಸಿದ್ದರು ಎಂದು ಹೇಳುತ್ತ ಬಂದಿದ್ದೇನೆ. ನಾನೇ ಹುಡುಕಿದ್ದೂ ಇರಬಹುದು. ಫೋಟೊ ಮಾತ್ರ ನೆನಪಿದೆ. ಕಂದು ಬಣ್ಣದ ಹೆಣ್ಣು ಕುದುರೆ, ಭುಜದ ಮೇಲೆ ಮೂರು ಸುಟ್ಟ ಗೆರೆ, ಕೆಳಗೆ ‘ಮಾಲೀಕನ ಕ್ರೌರ್ಯದ ಗುರುತು’ ಎಂಬರ್ಥದ ಇಂಗ್ಲಿಷ್ ಸಾಲು. ಆ ಸಾಲು ಓದಿಯೇ ಹಣ ಕಳಿಸತೊಡಗಿದ್ದೆ.

ಕಳೆದ ಮಳೆಗಾಲದ ಒಂದು ಬುಧವಾರ ಆಶ್ರಯದವರಿಂದ ಹೀಗೊಂದು ಪತ್ರ ಬಂತು. ಕುದುರೆಯ ಹಳೆಯ ಮಾಲೀಕ, ಒಬ್ಬ ಗಾಡಿಯವ, ತನ್ನ ಕುದುರೆ ತನಗೆ ಬೇಕೆಂದು ವಾರಕ್ಕೊಮ್ಮೆ ಗೇಟಿಗೆ ಬಂದು ನಿಲ್ಲುತ್ತಿದ್ದಾನೆ. ಸುಟ್ಟದ್ದು ಔಷಧಕ್ಕೆ, ಹಿಂಸೆಗಲ್ಲ ಎನ್ನುತ್ತಾನೆ. ಶುಕ್ರವಾರ ನಮ್ಮ ಸಮಿತಿ ತೀರ್ಮಾನಿಸಲಿದೆ. ಇಷ್ಟು ದಿನ ಅವಳ ಮೇವು ನೋಡಿಕೊಂಡವರು ನೀವು, ಹೇಳುವುದಿದ್ದರೆ ಹೇಳಿ.

ಫೋಟೊ ತೆಗೆದು ಮತ್ತೆ ನೋಡಿದೆ. ನನ್ನ ಅಪ್ಪ ಬರೆ ಹಾಕುತ್ತಿದ್ದವನು. ಎತ್ತಿನ ಭುಜ ಬಾತರೆ, ಕಾಲು ಹಿಡಿದುಕೊಂಡರೆ ಕುಡುಗೋಲನ್ನು ಕೆಂಪಗೆ ಕಾಯಿಸಿ ಗೆರೆ ಎಳೆಯುತ್ತಿದ್ದ. ಹುಕ್ಕೇರಿ ಹತ್ತಿರದ ನಮ್ಮ ಊರಿಗೆ ಮೂಡಲಗಿ ಕಡೆಯಿಂದಲೂ ಎತ್ತುಗಳನ್ನು ತರುತ್ತಿದ್ದರು. ಇದನ್ನು ನಾನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ಆ ಫೋಟೊವನ್ನೂ ಅಪ್ಪನನ್ನೂ ಒಟ್ಟಿಗೆ ನೆನೆಯದ ಹಾಗೆ ಎರಡು ವರ್ಷ ಹೇಗೋ ಕಳೆದಿದ್ದೆ.

ಉತ್ತರ ಬರೆಯಲು ಕುಳಿತೆ. ‘ಚಿಕ್ಕವಳಿದ್ದಾಗ ನಾನೇ ಎತ್ತಿನ ಹಗ್ಗ ಹಿಡಿದು ನಿಂತಿರುತ್ತಿದ್ದೆ, ಅಪ್ಪ ಬರೆ ಹಾಕುತ್ತಿದ್ದ’ ಎಂದು ಶುರು ಮಾಡಿದೆ. ಸುಟ್ಟ ಕೂದಲಿನ ವಾಸನೆ, ಬೆದರಿದ ಎತ್ತಿನ ಕಣ್ಣು, ಎಲ್ಲವೂ ಸರಾಗವಾಗಿ ಬಂತು. ಅಷ್ಟು ಸರಾಗವಾಗಿ ಬಂದದ್ದೇ ಅನುಮಾನ ಹುಟ್ಟಿಸಿತು. ಗುರುವಾರ ರಜೆ ಹಾಕಿ ಹುಕ್ಕೇರಿ ಬಸ್ಸು ಹತ್ತಿದೆ. ಅಪ್ಪನ ಹಳೆಯ ಫೋನಿನಲ್ಲಿ ಫೋಟೊ ಕಾಣುವುದಿಲ್ಲ.

ಅಪ್ಪ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ. ಒಳಗೆ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಬಂದ ಕಾರಣ ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

“ಪರದೇಶದ ಕುದುರಿಗೆ ಮೇವು ಹಾಕ್ತೀರೇನ್ರಿ ಅಕ್ಕಾರ? ಮೆಲ್ಲಕ ಹೇಳ್ರಿ, ನಮ್ಮ ಎಮ್ಮಿ ಕೇಳಿಸಿಕೊಂಡ್ರ ಇವತ್ತ ಹಾಲು ಕೊಡಂಗಿಲ್ಲ.”

ಅಪ್ಪ ನಗಲಿಲ್ಲ. ಮೊಬೈಲನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

“ಕೆಳಗ ಏನೋ ಬರದಾರಲ್ಲ, ಏನಂತ?”

ಹೇಳದೆ ಇರಬಹುದಿತ್ತು. ಹೇಳಿದೆ.

“ಅಂದ್ರ, ಹಗೆತನಕ್ಕ ಸುಟ್ಟಾನ ಅಂತ?”

“ಹೂಂ.”

“ನೀ ಇದನ್ನ ಓದಿ ರೊಕ್ಕ ಕಳಿಸಿದಿ?”

ಅಪ್ಪ ಮೊಬೈಲನ್ನು ಶೇಂಗಾ ಸಿಪ್ಪೆಯ ರಾಶಿಯ ಮೇಲಿಟ್ಟ.

“ಎರಡ ವರ್ಷದಾಗ ಎಷ್ಟ ಸಲ ಈ ಮನಿಗೆ ಬಂದಿ ಯವ್ವಾ? ಒಂದ ದಿನಾರ, ಇದೇನಪಾ ಅಂತ ನನ್ನ ಕೇಳಬೇಕ ಅನಸಲಿಲ್ಲೇನು?”

ಒಳಗೆ ರೊಟ್ಟಿಯ ಸದ್ದು ನಿಂತಿತು. ಎದ್ದು ಹೋಗಿಬಿಡುತ್ತಾನೆ ಎಂದುಕೊಂಡೆ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವನೇ ಮೊಬೈಲ್ ಎತ್ತಿಕೊಂಡ.

“ಮೂರೂ ಗೆರಿ ಒಂದಕ್ಕೊಂದು ಮುಟ್ಟಿಲ್ಲ. ಕೀಲಿಗೆ ತಾಗದಂಗ ಎಳದಾನ. ಸಿಟ್ಟಿನ್ಯಾಗ ಸುಟ್ರ ಹಿಂಗ ಬರಂಗಿಲ್ಲ. ಪಳಗಿದ ಕೈ ಇದು.”

“ಬರಿ ಹಾಕಿದ್ರ ಖರೇನ ವಾಸಿ ಆಗ್ತಿತ್ತೇನಪಾ?”

“ಕೆಲವಕ್ಕ ಆತು. ಅವು ಹಂಗ ಬಿಟ್ರೂ ಆಗ್ತಿದ್ವೇನೋ, ಯಾರಿಗ್ಗೊತ್ತು? ದನದ ಡಾಕ್ಟರ್ ಬೈದ ಮ್ಯಾಲೆ ಬಿಟ್ಟೆ.”

ನಾನು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಹಗ್ಗ ಹಿಡಿದ ಮಾತಿಗೆ ಅಪ್ಪ ಕೈ ಅಡ್ಡ ಮಾಡಿದ.

“ನೀ ಯಾವಾಗ ಹಗ್ಗಾ ಹಿಡದಿದ್ದಿ? ಬರಿ ಹಾಕುವಾಗ ಹುಡುಗೂರನ್ನೆಲ್ಲ ಹಿತ್ತಲಕ್ಕ ಕಳಸ್ತಿದ್ವಿ. ಆಮ್ಯಾಲೆ ನಿನ್ನ ಗೋಕಾಕದ ಸಾಲಿಗೆ ಹಾಕಿದ್ವಿ. ನೀ ಒಂದ ಸಲಾನೂ ನೋಡಿಲ್ಲ.”

ವಾಸನೆ ಗೋಡೆ ದಾಟಿ ಬಂದಿರಬಹುದು. ಎತ್ತಿನ ಕಣ್ಣನ್ನು ಎಲ್ಲಿಂದ ತಂದೆನೋ ತಿಳಿಯದು. ಆ ಸಾಲು ಅಳಿಸಿದೆ.

ಅಷ್ಟರಲ್ಲಿ ಅಪ್ಪ ಫೋಟೊ ದೊಡ್ಡದು ಮಾಡಿಸಿಕೊಂಡು ಕುದುರೆಯ ಬೆನ್ನಿನ ಮೇಲೆ ಬೆರಳಿಟ್ಟ. ಅಲ್ಲಿದ್ದ ಕಪ್ಪು ತೇಪೆಯನ್ನು ನಾನು ನೆರಳು ಎಂದುಕೊಂಡಿದ್ದೆ.

“ಇದು ಗಾಡಿ ಪಟ್ಟಾ ಉಜ್ಜಿ ಆದ ಹುಣ್ಣು. ಮಾಯಾಕ ಬಿಡದ ಮತ್ತ ಹೂಡ್ಯಾನ ಮಗ. ಇದನ್ನೂ ತಿಳಸು.”

“ಇದನ್ನ ಹೇಳಿದ್ರ ಅವಂಗ ಕುದುರಿ ಕೊಡಂಗಿಲ್ಲಪಾ.”

“ಕೊಡದಿದ್ರ ಬಿಡ್ಲಿ. ನನ್ನ ಮಾತಿನ ಮ್ಯಾಲೆ ಬರದು, ಅರ್ಧಾ ಮುಚ್ಚಿಟ್ರ ಉಳದರ್ಧಾನೂ ಸುಳ್ಳ ಆಗ್ತೈತಿ.”

ಹುಕ್ಕೇರಿ ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತು ಮತ್ತೆ ಬರೆದೆ. ನಾನು ಕಣ್ಣಾರೆ ಕಂಡಿಲ್ಲ. ಈ ಕೆಲಸ ಮಾಡುತ್ತಿದ್ದ ನನ್ನ ಅಪ್ಪ ಹೀಗೆ ಹೇಳುತ್ತಾನೆ. ಗೆರೆಗಳು ಔಷಧದವು. ಬೆನ್ನಿನ ಹುಣ್ಣು ಔಷಧದ್ದಲ್ಲ. ಹುಣ್ಣಿನ ಮಾತನ್ನು ಎರಡು ಸಲ ಅಳಿಸಿದೆ. ಗಾಡಿಯವನ ಮೇಲಿನ ಮರುಕದಿಂದ ಅಳಿಸಿದೆನೋ, ಅವನು ತಪ್ಪಿತಸ್ಥನಾದರೆ ಅಪ್ಪನೂ ಅವನ ಜೊತೆ ನಿಲ್ಲಬೇಕಾಗುತ್ತದೆ ಎಂಬ ಅಂಜಿಕೆಯಿಂದಲೋ, ಇವತ್ತಿಗೂ ಹೇಳಲಾರೆ. ಗೋಕಾಕದ ಬಸ್ಸು ಬಂದು ಹೋಯಿತು. ಮುಂದಿನದು ಬರುವ ಹೊತ್ತಿಗೆ ಪೂರ್ತಿ ಪತ್ರವನ್ನೇ ಕಳಿಸಿದೆ.

ಶುಕ್ರವಾರ ಇಡೀ ದಿನ ತರಗತಿಯಲ್ಲಿ ಏನು ಹೇಳಿದೆನೋ ನೆನಪಿಲ್ಲ. ಶನಿವಾರ ಉತ್ತರ ಬಂತು. ಫೋಟೊದ ಕೆಳಗಿನ ಸಾಲು ತೆಗೆದಿದ್ದಾರೆ. ಕುದುರೆಯನ್ನು ಮಾತ್ರ ಕೊಡುವುದಿಲ್ಲ. ಹುಣ್ಣಿನ ವಿಷಯ ತಮ್ಮ ವೈದ್ಯರಿಗೆ ಮೊದಲೇ ಗೊತ್ತಿತ್ತು ಎಂದಿದ್ದರು. ಹಾಗಾದರೆ ನನ್ನ ಮಾತಿನಿಂದ ಅವನಿಗೆ ಹಾನಿಯಾಗಲಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಅಪ್ಪನಿಗೆ ಫೋನ್ ಮಾಡಿದೆ.

“ಕೊಟ್ರೇನು?”

“ಇಲ್ಲಪಾ.”

ಆ ಕಡೆಯಿಂದ ಶೇಂಗಾ ಸುಲಿಯುವ ಸದ್ದು ಕೇಳಿಸಿತು.

“ಅಂವ ಇನ್ನ ಬರ್ತಾನೇನು?”

“ಬರಬಹುದಂತ. ವಾರಕ್ಕೊಮ್ಮಿ ಒಳಗ ಬಿಟ್ಟು ಕುದುರಿ ನೋಡಾಕ ಕೊಡ್ತಾರಂತ.”

“ಕುದುರಿ ಅವನ್ನ ಕಂಡ್ರ ಹತ್ತಿರ ಬರ್ತೈತೇನು, ಹಿಂದ ಸರೀತೈತೇನು?”

ಅದನ್ನು ಅವರು ಬರೆದಿರಲಿಲ್ಲ. ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ.