ಆರನೆಯ ಪ್ರತಿ

ಗಲ್ಫ್ ದೇಶವೊಂದರ ಅಲ್ ಖೌದಿನಲ್ಲಿ ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇಟ್ಟಿರುವ ಉಪ್ಪಿನಂಗಡಿಯ ಮೂಸಬ್ಬನಿಗೆ ಬೇರೆಯವರ ವಿಷಯಕ್ಕೆ ಮೂಗು ತೂರಿಸದಿದ್ದರೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಹತ್ತಿರದ ವಿಶ್ವವಿದ್ಯಾಲಯದ ಮಕ್ಕಳು ಪ್ರಬಂಧ ತಂದರೆ ಒಂದೆರಡು ಪುಟವಾದರೂ ತಿರುವಿ ನೋಡಬೇಕು, ಅರ್ಥವಾಗದ್ದನ್ನು ಕೇಳಬೇಕು. ಹೆಚ್ಚಿನವರು ಏನೋ ನೆವ ಹೇಳಿ ಜಾರಿಕೊಳ್ಳುತ್ತಾರೆ. ಕೂತು ಉತ್ತರ ಹೇಳುತ್ತಿದ್ದವಳು ರುಬಾ ಒಬ್ಬಳೇ.

ರುಬಾ ಪ್ಯಾಲೆಸ್ಟೀನಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ. ವೆಸ್ಟ್ ಬ್ಯಾಂಕಿನ ಒಂದು ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ ಬೆಳೆದು, ವಿದ್ಯಾರ್ಥಿವೇತನ ಸಿಕ್ಕಿ ಎಂಜಿನಿಯರಿಂಗ್ ಓದಲು ಬಂದವಳು. ಸೈನ್ಯದ ಬುಲ್ಡೋಜರ್ ಬೀದಿ ಅಗೆದು ಹೋದ ಮೇಲೆ ಒಡೆದ ನೀರಿನ ಪೈಪನ್ನು ಅಲ್ಲಿನ ಜನರೇ ಒಂದೇ ದಿನದಲ್ಲಿ ಜೋಡಿಸಿಕೊಳ್ಳುವುದು ಹೇಗೆ ಎಂಬುದು ಅವಳ ಪ್ರಬಂಧ. ಇದನ್ನೆಲ್ಲ ಮೂಸಬ್ಬ ತನ್ನ ಮೂವತ್ತು ವರ್ಷದ ಮಾರ್ಕೆಟ್ ಅರಬಿಯಲ್ಲಿ ಕೆದಕಿ ಕೆದಕಿ ತಿಳಿದುಕೊಂಡಿದ್ದ. ಬಂದೂಕು ಹಿಡಿದ ಅವಳ ತಮ್ಮ ಶಿಬಿರದ ಓಣಿಯಲ್ಲೇ ಸತ್ತದ್ದು ಮಾತ್ರ ಕೆದಕಿ ತಿಳಿದದ್ದಲ್ಲ. ಕಳೆದ ಚಳಿಗಾಲದಲ್ಲಿ ಅವಳೇ ಬಂದು ವಿಷಯ ಹೇಳಿ ಅವನ ಫೋಟೋ ದೊಡ್ಡದು ಮಾಡಿಸಿದ್ದಳು. ಅಂದು ಮೂಸಬ್ಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಏಪ್ರಿಲಿನ ಒಂದು ಮಧ್ಯಾಹ್ನ ಅವಳು ಪ್ರಬಂಧದ ಹಾಳೆಗಳ ಕಟ್ಟು ತಂದು ಮೇಜಿನ ಮೇಲಿಟ್ಟು, ಗಟ್ಟಿ ರಟ್ಟು ಹಾಕಿ ಒಂದೇ ಒಂದು ಪ್ರತಿ ಬೈಂಡ್ ಮಾಡಿಕೊಡಿ ಎಂದಳು. ಮೂಸಬ್ಬನ ಕಿವಿ ನೆಟ್ಟಗಾಯಿತು. ವಿಶ್ವವಿದ್ಯಾಲಯಕ್ಕೆ ಐದು ಪ್ರತಿ ಕೊಡಬೇಕೆಂಬುದು ಆ ಬೀದಿಗೇ ಗೊತ್ತು. ಕಟ್ಟು ತಿರುವಿದರೆ ಪರೀಕ್ಷಕರು ಸಹಿ ಹಾಕಬೇಕಾದ ಹಾಳೆಯೇ ಇಲ್ಲ. ಐದನೆಯ ಅಧ್ಯಾಯವೂ ಅರ್ಧಕ್ಕೇ ನಿಂತಿದೆ.

ಈ ಒಂದು ಪ್ರತಿ ಯಾರಿಗೆ ಎಂದು ಕೇಳಿದ. ತಾಯಿಗೆ ಎಂದಳು. ಪರೀಕ್ಷೆ ಯಾವಾಗ ಎಂದು ಕೇಳಿದ.

"ಪರೀಕ್ಷೆ ಖಲಾಸ್, ಹಾಜಿ. ತಮ್ಮನ ಜಾಗ ಖಾಲಿ ಉಂಟು. ಅವನ ಜೊತೆಯವರು ಬರ್ತೀಯಾ ಅಂತ ಕೇಳಿದ್ದಾರೆ. ಭಾನುವಾರ ಜೋರ್ಡಾನಿಗೆ ವಿಮಾನ, ಅಲ್ಲಿಂದ ಊರಿಗೆ."

ಅವಳಷ್ಟೇ ವಯಸ್ಸಿನ ಮಗಳು ರಿಫಾ ಮೂಸಬ್ಬನಿಗಿದ್ದಾಳೆ. ಆದರೆ ಹೋಗಬೇಡ ಎನ್ನಲು ತಾನು ಯಾರು? ಬುಲ್ಡೋಜರ್ ಬಂದ ಬೀದಿಯವನೂ ಅಲ್ಲ, ತಮ್ಮನನ್ನು ಮಣ್ಣು ಮಾಡಿದವನೂ ಅಲ್ಲ. ಗೊತ್ತಿರುವುದು ಬೈಂಡಿಂಗ್ ಒಂದೇ. ಅದನ್ನೇ ಹಿಡಿದುಕೊಂಡ.

"ಒಮ್ಮೆ ಅಂಟು ಹಾಕಿದ್ರೆ ಮತ್ತೆ ಹಾಳೆ ಸೇರಿಸ್ಲಿಕ್ಕೆ ಆಗುದಿಲ್ಲ ಮಗಳೇ. ಅರ್ಧ ಪುಸ್ತಕಕ್ಕೆ ನಾನು ರಟ್ಟು ಹಾಕುದಿಲ್ಲ."

ರುಬಾಳಿಗೆ ಸಿಟ್ಟು ನೆತ್ತಿಗೇರಿತು. ನೀವೇನು ನನ್ನ ಅಪ್ಪನೇ ಎಂದಳು. ಪ್ರಬಂಧ ಬರೆದು ಮನೆ ಉಳಿಸಿಕೊಂಡವರನ್ನು ಒಬ್ಬರನ್ನಾದರೂ ತೋರಿಸಿ ಎಂದಳು. ಆದರೆ ಮೂಸಬ್ಬನ ಬಾಯಿ ಸುಮ್ಮನಿರಬೇಕಲ್ಲ. ಅರ್ಧಕ್ಕೆ ನಿಂತ ಅಧ್ಯಾಯದ ನಕ್ಷೆಯ ಮೇಲೆ ಬೆರಳಿಟ್ಟು, ಬೀದಿ ಅಗೆದಾಗ ಚರಂಡಿಯೂ ಒಡೆಯುತ್ತದಲ್ಲ, ಆ ಕೊಳಕು ನೀರು ಈ ಪೈಪಿನೊಳಗೆ ನುಗ್ಗದ ಹಾಗೆ ತಡೆಯುವುದು ಯಾವುದು ಎಂದು ಕೇಳಿದ. ಅದು ಅವಳನ್ನು ನಿಲ್ಲಿಸಲು ಹೂಡಿದ ಉಪಾಯವಲ್ಲ. ಅವನಿಗೆ ನಿಜಕ್ಕೂ ಗೊತ್ತಾಗಬೇಕಿತ್ತು.

ಅವಳು ಹಾಳಾದ ಝೆರಾಕ್ಸ್ ಹಾಳೆಯೊಂದರ ಹಿಂದೆ ಗೆರೆ ಎಳೆದಳು, ಹೊಡೆದುಹಾಕಿದಳು, ಮತ್ತೆ ಎಳೆದಳು. ಅರ್ಧ ಗಂಟೆ ಕಳೆದ ಮೇಲೆ ಆ ಹಾಳೆಯನ್ನೂ ಮಡಚಿ ಕಟ್ಟಿನೊಳಗಿಟ್ಟು, ಸಲಾಂ ಕೂಡ ಹೇಳದೆ ಹೊರಟುಹೋದಳು.

ಭಾನುವಾರ ಕಳೆಯಿತು. ಆರು ವಾರ ಕಳೆಯಿತು. ಗಾಜಿನ ಬಾಗಿಲು ತೆರೆದಾಗಲೆಲ್ಲ ಮೂಸಬ್ಬ ಕತ್ತೆತ್ತಿ ನೋಡುತ್ತಿದ್ದ. ಊಟಕ್ಕೆ ಕೂತರೂ ಅದೇ ಮಾತು. ಹೆಂಡತಿ ಆಯಿಶತ್ ಮೊದಮೊದಲು ಛೇಡಿಸಿದಳು. ಆಮೇಲೆ ಅವಳೂ ನಮಾಜಿನ ಬಳಿಕ ಆ ಹುಡುಗಿಯ ಹೆಸರು ಹೇಳಿ ದುಆ ಮಾಡತೊಡಗಿದಳು.

ಜೂನಿನಲ್ಲಿ ರುಬಾ ಬಂದಳು. ತೀರಾ ಸೊರಗಿದ್ದಳು. ಸಹಿಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮೂರು ಸಹಿಯೂ ಇತ್ತು. ಐದನೆಯ ಅಧ್ಯಾಯ ಮುಗಿದಿತ್ತು, ಅದರಲ್ಲಿ ಕೊಳಕು ನೀರು ಬಂದರೆ ತಾನಾಗಿಯೇ ಮುಚ್ಚಿಕೊಳ್ಳುವ ಬಿರಡೆಯ ಚಿತ್ರವಿತ್ತು. ಆರು ಪ್ರತಿ ಬೇಕು ಎಂದಳು. ಐದು ವಿಶ್ವವಿದ್ಯಾಲಯಕ್ಕೆ. ಆರನೆಯದು ಶಿಬಿರದ ನೀರಿನ ಸಮಿತಿಗೆ, ಅದನ್ನು ತಾನೇ ಒಯ್ಯುತ್ತೇನೆ ಎಂದಳು.

ಹಾಗಾದರೆ ಬಂದೂಕಿನ ವಿಚಾರ ಬಿಟ್ಟಾಯಿತೇ ಎಂದು ಕೇಳದಿರಲು ಮೂಸಬ್ಬನಿಂದ ಆಗುತ್ತದೆಯೇ?

"ಬೆಳಿಗ್ಗೆ ಬಿಟ್ಟಿರ್ತೇನೆ, ಸಂಜೆ ಆಗುವಾಗ ಬಿಟ್ಟಿರುದಿಲ್ಲ," ಎಂದಳು ರುಬಾ. "ಒಂದು ಕೈಯಲ್ಲಿ ಈ ಪುಸ್ತಕ ಇರ್ತದೆ. ಇನ್ನೊಂದು ಕೈಯಲ್ಲಿ ಏನು ಅಂತ ಅಲ್ಲಿ ಮುಟ್ಟಿದ ಮೇಲೆ ನೋಡ್ತೇನೆ."

ಐದು ಪ್ರತಿಗಳನ್ನು ಮೂಸಬ್ಬ ನಿಯಮದಂತೆ ಕಟ್ಟಿದ, ದೊಡ್ಡ ನಕ್ಷೆಗಳನ್ನು ಮಡಚಿ ಒಳಗೆ ಸೇರಿಸಿದ. ಅವನ್ನು ಅವಳು ಒಯ್ದ ಮೇಲೆ ಆರನೆಯದಕ್ಕೆ ಕೈ ಹಾಕಿದ. ಅದರಲ್ಲಿ ಒಂದು ನಕ್ಷೆಯನ್ನೂ ಮಡಚಲಿಲ್ಲ. ಇಡೀ ಪುಸ್ತಕವನ್ನೇ ನಕ್ಷೆಯ ಅಳತೆಗೆ ದೊಡ್ಡದು ಮಾಡಿ, ಅಂಗಡಿಯಲ್ಲಿದ್ದ ಅತಿ ದಪ್ಪದ ರಟ್ಟು ಹಾಕಿ, ಮದುವೆ ಆಲ್ಬಮ್ಮಿನಂತೆ ಮಾಡಿಟ್ಟ. ಬ್ಯಾಗಿನಲ್ಲಿ ಹಿಡಿಸುವುದಿಲ್ಲ ಎಂದು ರುಬಾ ಗೊಣಗಿದಳು. ಪೈಪು ಹಾಕುವವರು ಕೆಸರಿನಲ್ಲಿ ನಿಂತು ನಕ್ಷೆ ಬಿಡಿಸುತ್ತಾ ಕೂರಲಿಕ್ಕಾಗುತ್ತದೆಯೇ ಎಂದು ಅವಳಿಗೇ ಜೋರು ಮಾಡಿದ. ಅದೂ ಸುಳ್ಳಲ್ಲ.

ಅವಳು ಪುಸ್ತಕವನ್ನು ಒಂದು ಕಂಕುಳಲ್ಲಿ ಇಟ್ಟು ನೋಡಿದಳು, ಜಾರಿತು. ಇನ್ನೊಂದು ಕಂಕುಳಿಗೆ ಬದಲಾಯಿಸಿದಳು, ಅಲ್ಲೂ ನಿಲ್ಲಲಿಲ್ಲ. ಆಗ ತಲೆಯೆತ್ತಿ ಮೂಸಬ್ಬನ ಮುಖವನ್ನೇ ನೋಡಿದಳು. ಅವನು ಮಶಿನ್ನಿಗೆ ಹಾಳೆ ತುಂಬುವ ನೆಪದಲ್ಲಿ ಬೆನ್ನು ತಿರುಗಿಸಿದ.

ಮತ್ತೆ ತಿರುಗಿದಾಗ ಅವಳು ರಸ್ತೆ ದಾಟುತ್ತಿದ್ದಳು, ಎರಡೂ ಕೈಯಲ್ಲಿ ಪುಸ್ತಕವನ್ನು ಎದೆಗೆ ಅವಚಿಕೊಂಡು.