ಹೆಸರಿನ ಕೆಳಗಿನ ಸಾಲು

ಅವರ ನೆತ್ತಿಯ ಮೇಲೆ, ಈ ಕಿವಿಯಿಂದ ಆ ಕಿವಿಯವರೆಗೆ, ಕೂದಲು ಅಮುಕಿ ಒಂದು ಗೆರೆ ಬಿದ್ದಿತ್ತು. ವರ್ಷಗಟ್ಟಲೆ ಹೆಡ್‌ಫೋನ್ ಹಾಕಿ ಹಾಕಿ ಆದದ್ದು. ಆಳಂದದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸ ಮಾಡುತ್ತಿದ್ದ ಅವರು ನನ್ನ ಸೀನಿಯರ್. ನಾನು ಜೇವರ್ಗಿಯಲ್ಲಿ ಕೂತು ಅವರ ಕೈಕೆಳಗೆ ಕೋಡ್ ಬರೆಯುತ್ತಿದ್ದವಳು. ಮೊದಲ ದಿನ ನನ್ನ ಇಂಗ್ಲಿಷನ್ನು ಸ್ವಲ್ಪ ಹೊತ್ತು ಸಹಿಸಿಕೊಂಡು, "ಜೇವರ್ಗಿ ಕಡೆದವರೇನ್ರಿ? ಹಂಗಾದ್ರ ಯಾಕ ತ್ರಾಸ ಮಾಡ್ಕೋತೀರಿ, ನಮ್ಮ ಮಾತಿನ್ಯಾಗ ಹೇಳ್ರಿ" ಅಂದರು. ಅಂದಿನಿಂದ ನಾನು ಅವರಿಗೆ ತಂಗಿ.

ಚಳಿಗಾಲದಲ್ಲಿ ಕುದಿಸಿದ ತೊಗರಿಕಾಯಿ ಸುಲಿಯುತ್ತಲೇ ಮೀಟಿಂಗ್ ಮುಗಿಸುವರು. ಯಾರದೋ ತಪ್ಪಿಗೆ ಸಿಸ್ಟಮ್ ಬಿದ್ದರೆ, "ಮೊದ್ಲ ಉಂಡೀರೇನು?" ಎಂದು ಕೇಳಿ, ತಾವೇ ಕೂತು ಎಬ್ಬಿಸುವರು. ಅಂಥ ಮನುಷ್ಯನಿಗೆ ತನ್ನ ಪಗಾರದ ಮಾತು ಬಂದರೆ ಮಾತ್ರ ಬಾಯಿಗೆ ಬೀಗ!

ಅದಕ್ಕೆ ಕಾರಣ ಒಂದು ಫ್ಲೆಕ್ಸ್. ಕಂಪನಿ ಅವರನ್ನು 'ಪ್ರಿನ್ಸಿಪಲ್ ಆರ್ಕಿಟೆಕ್ಟ್' ಎಂದು ಕರೆಯಿತು; ಪಗಾರ ಮುಂದಿನ ವರ್ಷ ನೋಡೋಣ ಎಂದಿತು. ಇವರು ಜಗಳಕ್ಕೆ ಸಿದ್ಧರಾಗಿದ್ದರಂತೆ. ಅಷ್ಟರಲ್ಲಿ ಅವರ ಕಾಕಾನ ಮಕ್ಕಳು ಬಸ್‌ಸ್ಟ್ಯಾಂಡಿನ ಮುಂದೆ ಅಭಿನಂದನೆಯ ಫ್ಲೆಕ್ಸ್ ಕಟ್ಟಿಬಿಟ್ಟರು. ಫೋಟೋ, ಹೆಸರು, ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಆ ಹುದ್ದೆ. ನಿಂಬರ್ಗಾದಿಂದ, ನರೋಣಾದಿಂದ ಬೀಗರ ಫೋನುಗಳು ಬಂದವು.

"ಊರೆಲ್ಲ ಪೇಡೆ ತಿಂದ ಮ್ಯಾಲ ಪಗಾರ ಇಲ್ದ ಈ ಹುದ್ದೆ ಬ್ಯಾಡ ಅಂತ ಹೆಂಗ ಅನ್ಲಿ ತಂಗಿ? ಮಾರಿ ಎಲ್ಲಿಡ್ಲಿ?" ಎಂದು ನಕ್ಕರು. ನನಗೆ ಮೈ ಉರಿಯಿತು. ಮುಂದಿನ ವರ್ಷವೂ ಅವರು ಕೇಳಲಿಲ್ಲ, ಅದರ ಮುಂದಿನ ವರ್ಷವೂ ಕೇಳಲಿಲ್ಲ.

ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು. ಹುದ್ದೆಯ ಹೆಸರು ಬೇರೆ, ಗ್ರೇಡ್ ಬೇರೆ ಎಂದು ತಿಳಿದದ್ದು ಆಗಲೇ. ಪಗಾರ, ರಜೆ, ಆಸ್ಪತ್ರೆಯ ವಿಮೆ ಎಲ್ಲ ನಡೆಯುವುದು ಗ್ರೇಡಿನ ಮೇಲೆ. ಅವರ ಹೆಸರಿನ ಕೆಳಗಿನ ಸಾಲು ಮಾತ್ರ ಬದಲಾಗಿತ್ತು, ಗ್ರೇಡ್ ಹಳೆಯದೇ. ಸರಿಪಡಿಸಿ ಎಂದು ಕೇಳಿದರೆ, ವಾರ್ಷಿಕ ಪರಿಶೀಲನೆಯ ತನಕ ಕಾಯಿರಿ ಎಂಬ ಉತ್ತರ ಬಂತು. ವಿಮೆಯ ಹಣ ನಡುವೆಯೇ ತೀರಿತು. ಅವರು ಡಯಾಲಿಸಿಸ್ ತಪ್ಪಿಸತೊಡಗಿದರು. ಡಾಕ್ಟರೇ ಕಡಿಮೆ ಮಾಡಿದ್ದಾರೆಂದು ಹೆಂಡತಿಗೆ ಸುಳ್ಳು ಹೇಳಿದರು. ನಾನು ಬೈದು ನೋಡಿದೆ, ಅತ್ತು ನೋಡಿದೆ. ಕೇಳುವ ಆಸಾಮಿಯೇ ಅಲ್ಲ.

ಒಂದು ಮಧ್ಯಾಹ್ನ ಕಲಬುರಗಿಯ ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಿದ್ದಾಗ ಮ್ಯಾನೇಜರ್ ನನಗೆ ಫೋನ್ ಮಾಡಿದ. ನನಗೂ ಹೊಸ ಹುದ್ದೆ, 'ಲೀಡ್' ಅಂತೆ. ಪಗಾರ ಆಮೇಲಂತೆ! ಅವರು ಸೂಜಿ ಚುಚ್ಚದ ಕೈಯಿಂದ ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: "ಗ್ರೇಡ್ ಯಾವ್ದು ಕೇಳು. ಎಷ್ಟ್ ಬೇಕು ಹೇಳು. ಹೇಳಿ ಸುಮ್ನ ಕುಂದ್ರು."

ಹೇಳಿದೆ. ಆ ಕಡೆ ಸದ್ದಿಲ್ಲ. 'ಪರವಾಗಿಲ್ಲ ಸರ್' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವರು ಮೊಣಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಕಡೆಗೆ ಆತನೇ ಬಾಯಿಬಿಟ್ಟ. ಗ್ರೇಡೂ ಪಗಾರವೂ ಹುದ್ದೆಯ ಪತ್ರದಲ್ಲೇ ಬರುತ್ತವೆ ಎಂದ.

ಫೋನಿಟ್ಟು ನೋಡಿದರೆ ಅವರ ಕಣ್ಣಲ್ಲಿ ನೀರು. "ಇಷ್ಟೇ ಮಾಡೂದಿತ್ತಲ್ಲ ತಂಗಿ," ಅಂದರು. "ಇಷ್ಟೇ."

ಪರಿಶೀಲನೆಯ ತಿಂಗಳು ಬರುವ ಮೊದಲೇ ಅವರು ಹೋದರು. ನಾನು ಆಳಂದ ತಲುಪಿದಾಗ ಅವರನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ನೆತ್ತಿಯ ಮೇಲಿನ ಗೆರೆ ಹಾಗೇ ಇತ್ತು. ಇಂದು ನನ್ನ ಮನೆ ನಡೆಯುತ್ತಿರುವುದು ಅವರು ನನ್ನ ಬಾಯಿಂದ ಹೊರಡಿಸಿದ ಮಾತಿನಿಂದ. ಆ ಋಣ ನಾನು ಯಾರಿಗೆ ತೀರಿಸಲಿ?

ಅಲ್ಲಿ ಕೂತಿದ್ದಂತೆಯೇ ಕಾಕಾನ ಮಕ್ಕಳು ಶ್ರದ್ಧಾಂಜಲಿಯ ಫ್ಲೆಕ್ಸ್ ಹೊತ್ತು ತಂದರು. ಅದೇ ಫೋಟೋ, ಅದೇ ಕೆಂಪು ಅಕ್ಷರ. ಅವರ ಹೆಂಡತಿ ತಲೆಯೆತ್ತಿ ನೋಡಿ ನನ್ನ ಕೈ ಹಿಡಿದರು. "ಆ ಕೆಳಗಿನ ಸಾಲು ತಗಸವ್ವಾ. ನೋಡಾಕ ಆಗವಲ್ದು ನನಗ."

ಫ್ಲೆಕ್ಸ್ ಅಂಗಡಿಗೆ ನಾನೇ ಹೋದೆ. "ಹುದ್ದೆ ತಗದ್ರ ಹೆಸರಿನ ಕೆಳಗ ಏನ್ ಹಾಕ್ಲಿರಿ ಅಕ್ಕಾರ?" ಎಂದು ಅಂಗಡಿಯವನು ಕೇಳಿದ.

"ಏನೂ ಬ್ಯಾಡ್ರಿ," ಅಂದೆ. "ಹೆಸರೊಂದೇ ಇರ್ಲಿ."