ಬಣ್ಣ ಬಳಿಯಲು ಬಂದವರು

ಆ ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುತ್ತಿದ್ದವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಎದುರಿಗೇ ಹಾಗೆ ಕರೆದರೂ ಅವಳಿಗೆ ಬೇಸರವಿರಲಿಲ್ಲ; ಅದೊಂದು ಬಿರುದಿನ ಹಾಗಿತ್ತು. ಅಡುಗೆಯವನು ಬಾಣಲೆ ಸೀಯಿಸಿ ತಂದರೆ, "ಇದನ್ನ ಉಜ್ಜೋದಕ್ಕಿಂತ ನಿನ್ನನ್ನ ಕೆಲಸದಿಂದ ಉಜ್ಜಿ ತೆಗೆಯೋದು ಸುಲಭ" ಎನ್ನುತ್ತಿದ್ದಳು. ಮ್ಯಾನೇಜರೂ ಅವಳ ಬಾಯಿಗೆ ಹೆದರುತ್ತಿದ್ದ.

ಗಂಡನ ಮಾತು ಬಂದಾಗ ಮಾತ್ರ ಅವಳ ದನಿ ಮೆತ್ತಗಾಗುತ್ತಿತ್ತು. ಅವನು ಹಡಗಿನಲ್ಲಿ ಅಡುಗೆಯವನಂತೆ, ಅಪರೂಪಕ್ಕೆ ಬಂದು ಹೋಗುತ್ತಾನಂತೆ. ಗಲ್ಲಾದಲ್ಲಿ ಕೂರುವ ಹೆಂಗಸನ್ನು ಅವಳ ಗಂಡ ಬಿಟ್ಟುಹೋದಾಗ, ಎಲ್ಲರೂ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ ಸೂಜಿಯಕ್ಕ ಹೇಳಿದಳು: "ಚಿಲ್ಲರೆ ಜೋಪಾನ ಮಾಡೋಕೆ ಬರುತ್ತೆ, ಗಂಡನ್ನ ಜೋಪಾನ ಮಾಡೋಕೆ ಬರಲಿಲ್ಲ ನಿನಗೆ. ನಮ್ಮೋನು ನೋಡು, ಸಮುದ್ರ ದಾಟಿದ್ರೂ ನನ್ನ ಮಾತು ದಾಟಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಲ್ಲಾದವಳೂ ನಕ್ಕಳು. ಆಮೇಲೆ ತಟ್ಟೆ ಹಾಗೇ ಬಿಟ್ಟು ಎದ್ದಳು.

ಅದಾದ ಸ್ವಲ್ಪ ದಿನಕ್ಕೆ ಸೂಜಿಯಕ್ಕ ಹೋಟೆಲಿನಲ್ಲೇ ಮೊಬೈಲು ಮರೆತು ಹೋದಳು. ಕೊಟ್ಟು ಬರಲು ಗಲ್ಲಾದವಳೇ ವಿಳಾಸ ಹಿಡಿದು ಹೊರಟಳು. ಸೂಜಿಯಕ್ಕ ಇನ್ನೂ ಮನೆ ಸೇರಿರಲಿಲ್ಲ, ಬಾಗಿಲಿಗೆ ಹೊರಗಿನಿಂದ ಬೀಗ. ಒಳಗಿನಿಂದ ಒಬ್ಬ ಗಂಡಸು, "ಬಂದ್ಯಾ? ಎಷ್ಟೊತ್ತು?" ಎಂದು ಕೂಗಿದ. ಗಲ್ಲಾದವಳು ಸದ್ದಿಲ್ಲದೆ ಹಿಂದಿರುಗಿ, ಮೊಬೈಲನ್ನು ಇದ್ದಲ್ಲೇ ಇಟ್ಟಳು. ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ.

ಆ ಹೋಟೆಲು ಊರಿನ ತುಂಬ ಹೋಟೆಲುಗಳಿದ್ದ ಒಂದು ಕಂಪನಿಯದು; ಅಲ್ಲಿ ವರ್ಷಕ್ಕೊಮ್ಮೆ ಸೇವಾ ದಿನ ಮಾಡುತ್ತಿದ್ದರು. ನೌಕರರು ಕೈಲಾದಷ್ಟು ಕೊಡಬೇಕು, ಕಂಪನಿ ಅಷ್ಟೇ ಸೇರಿಸುತ್ತದೆ. ಎಲ್ಲರೂ ಹೋಗಿ ಅನಾಥಾಲಯಕ್ಕೋ ಶಾಲೆಗೋ ಬಣ್ಣ ಬಳಿದು ಬರುತ್ತಾರೆ. ಈ ಸಲ ಕಷ್ಟದಲ್ಲಿರುವ ನೌಕರರೊಬ್ಬರ ಮನೆಯನ್ನೇ ಆರಿಸಿಕೊಳ್ಳಿ ಎಂದು ಮೇಲಿನಿಂದ ಹೇಳಿಕಳಿಸಿದರು. ಯಾರ ಮನೆ ಎಂದು ಮ್ಯಾನೇಜರ್ ಕೇಳಿದಾಗ ಗಲ್ಲಾದವಳು ಸೂಜಿಯಕ್ಕನ ಹೆಸರು ಹೇಳಿದಳು.

"ಮೊದಲೇ ಹೇಳೋದು ಬೇಡ ಸಾರ್. ಸ್ವಾಭಿಮಾನದ ಹೆಂಗಸು, ಬೇಡ ಅಂತಾಳೆ."

ರಜೆಯ ಬೆಳಿಗ್ಗೆ ಹಳದಿ ಅಂಗಿ ತೊಟ್ಟ ಗುಂಪು ಬಣ್ಣದ ಡಬ್ಬಿ, ಏಣಿ, ಫೋಟೋದವನ ಸಮೇತ ಬಂದು ನಿಂತಿತು. ಸೂಜಿಯಕ್ಕ ಬಾಗಿಲನ್ನು ಮುಖ ಕಾಣುವಷ್ಟು ಮಾತ್ರ ತೆರೆದಳು.

"ಇವತ್ತು ಬೇಡ. ನೆಂಟರಿದ್ದಾರೆ."

"ಇದ್ರೆ ಇರಲಿ ಬಿಡಿ ಅಕ್ಕ, ನಾವೇನು ಹೊರಗಿನವರಾ?" ಎಂದ ಮ್ಯಾನೇಜರ್. ಅಷ್ಟರಲ್ಲಿ ಯಾರೋ ಬಾಗಿಲು ತಳ್ಳಿಯಾಗಿತ್ತು.

ಸಾಮಾನುಗಳ ಜೊತೆ ಮಂಚವೂ ಹೊರಗೆ ಬಂತು, ಮಂಚದ ಮೇಲೆ ಗಂಡನೂ ಬಂದ. ಲಾರಿಗೆ ಮೂಟೆ ಹೊರುವಾಗ ಬೆನ್ನು ಮುರಿದವನು. ಕಾಲುಗಳು ಸೊರಗಿ ಕಡ್ಡಿಯಾಗಿದ್ದವು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಇಷ್ಟೊಂದು ಜನರನ್ನು ಕಂಡು ಮುಖ ಅರಳಿಸಿದ. ಅಡುಗೆಯವನು ಟೀ ಕೊಟ್ಟು, "ಹಡಗಿಂದ ಯಾವಾಗ ಬಂದ್ರಿ ಅಣ್ಣ?" ಎಂದು ಕೇಳಿದ.

"ಹಡಗಾ? ನಾನು ಸಮುದ್ರಾನೇ ನೋಡಿಲ್ಲಪ್ಪ. ಇವಳು ಬೆಳಿಗ್ಗೆ ಬೀಗ ಜಡಿದು ಹೋದ್ರೆ ಮತ್ತೆ ಬೆಳಕು ಕಾಣೋದು ಅವಳು ಬಂದ ಮೇಲೇ."

ಹಿಂದೊಮ್ಮೆ ಅವನು ಹೆಂಡದ ಆಸೆಗೆ ತೆವಳಿಕೊಂಡು ರಸ್ತೆಗೆ ಹೋಗಿ, ಬಂದವರ ಕಾಲು ಹಿಡಿದು ಕಾಸು ಬೇಡಿ, ಗಾಡಿಯ ಚಕ್ರಕ್ಕೆ ಕೈ ಕೊಟ್ಟುಕೊಂಡಿದ್ದ. ಬೀಗ ಬಂದದ್ದು ಆಮೇಲೆ. ಅದನ್ನು ಯಾರೂ ಕೇಳಲಿಲ್ಲ. ಗಲ್ಲಾದವಳು ಎಲ್ಲರೆದುರು ಅವಳ ಕೈ ಹಿಡಿದು, "ನಮ್ಮ ಹತ್ರ ಹೇಳಬಾರದಿತ್ತಾ ಅಕ್ಕ? ಇಷ್ಟು ವರ್ಷ ಈ ಸುಳ್ಳನ್ನ ಒಬ್ಬಳೇ ಹೊತ್ಯಲ್ಲ" ಎಂದಳು. ಗಲ್ಲಾದವಳ ಕಣ್ಣು ಒದ್ದೆಯಾಗಿತ್ತು. ಫೋಟೋದವನು ಅದನ್ನೇ ತೆಗೆದ.

ಮಾರನೆಯ ದಿನದಿಂದ ಯಾರೂ ಅವಳ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಸೀದ ಬಾಣಲೆಯನ್ನು ಅಡುಗೆಯವನು ತಾನೇ ಉಜ್ಜಿ ತರುತ್ತಿದ್ದ. ಅವಳು ಚುಚ್ಚಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಳಿದ ಊಟ ಕಟ್ಟಿ ಕೈಗಿಡುತ್ತಿದ್ದರು. ಮ್ಯಾನೇಜರ್ ಬೀಗ ಕಿತ್ತುಕೊಂಡ. "ಇನ್ಮೇಲೆ ಬಾಗಿಲು ಹಾಕಬೇಡಿ. ಸರದಿ ಮೇಲೆ ನಾವು ನೋಡ್ಕೋತೀವಿ. ಮನುಷ್ಯ ಅವನು."

"ಅವನನ್ನ ನಿಮಗಿಂತ ಚೆನ್ನಾಗಿ ನಾನು ಬಲ್ಲೆ," ಎಂದಳು.

"ಹೂಂ, ನೋಡಿದ್ವಲ್ಲ," ಎಂದ ಅಡುಗೆಯವನು.

ಸರದಿಯವರು ಬಂದರು, ಹರಟಿದರು. ಅವಳು ಒಳಗೆ ಕಾಲಿಟ್ಟರೆ ನಗು ನಿಲ್ಲುತ್ತಿತ್ತು. "ಬಂದಳು ನೋಡಿ ನಮ್ಮ ಜೈಲರು," ಎನ್ನುತ್ತಿದ್ದ ಗಂಡ. ಅಯ್ಯೋ ಪಾಪ ಎಂದು ಯಾರೋ ಅವನಿಗೆ ಒಂದು ಬಾಟಲಿಯನ್ನೂ ತಂದುಕೊಟ್ಟರು. ಆಮೇಲೆ ಸರದಿಗಳು ತಪ್ಪತೊಡಗಿದವು; ಕೆಲಸ ಜಾಸ್ತಿ, ಮಗುವಿಗೆ ಜ್ವರ. ಅಂಥ ಒಂದು ಮಧ್ಯಾಹ್ನ ಅವನು ತೆರೆದ ಬಾಗಿಲಿನಿಂದ ತೆವಳಿ ರಸ್ತೆಗೆ ಇಳಿದ. ತಿರುವಿನಲ್ಲಿ ಬಂದ ನೀರಿನ ಟ್ಯಾಂಕರಿಗೆ ಅವನು ಕಾಣಲಿಲ್ಲ.

ಮಣ್ಣಿನ ಖರ್ಚನ್ನು ಸೇವಾ ನಿಧಿಯಿಂದಲೇ ಕೊಟ್ಟರು. ಹೋಟೆಲಿನಲ್ಲಿ ಮೌನ ಆಚರಿಸಿದ ಮೇಲೆ ಗಲ್ಲಾದವಳು, "ಕೊನೇಲಿ ನಾಲ್ಕು ಜನರ ಮುಖ ನೋಡಿ ಹೋದರಲ್ಲ, ಅಷ್ಟಾದ್ರೂ ನಮ್ಮಿಂದ ಆಯ್ತು," ಎಂದಳು.

"ಬೀಗ ಇದ್ದಿದ್ರೆ ಬದುಕಿರ್ತಿದ್ದ," ಎಂದಳು ಸೂಜಿಯಕ್ಕ. "ನೀವೆಲ್ಲ ಸೇರಿ ಕೊಂದ್ರಿ."

ಯಾರಿಗೂ ಸಿಟ್ಟು ಬರಲಿಲ್ಲ. "ದುಃಖ ಮಾತಾಡಿಸ್ತಿದೆ, ಪಾಪ," ಎಂದು ಅಡುಗೆಯವನು ಪಿಸುಗುಟ್ಟಿದ. ಗಲ್ಲಾದವಳು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, "ಅತ್ತುಬಿಡಕ್ಕ," ಎಂದು ಬೆನ್ನು ಸವರಿದಳು. ಸೂಜಿಯಕ್ಕ ಕೊಸರಿಕೊಂಡು ಪಾತ್ರೆ ತೊಳೆಯುವ ತೊಟ್ಟಿಯ ಕಡೆ ಹೊರಟಳು. ಇಬ್ಬರು ಅಡ್ಡ ನಿಂತು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಆ ದಿನದ ಪಾತ್ರೆಗಳನ್ನೆಲ್ಲ ಎಲ್ಲರೂ ಸೇರಿ ತೊಳೆದರು. ಸಂಜೆಯವರೆಗೂ ಅವಳನ್ನು ನೀರು ಮುಟ್ಟಲು ಬಿಡಲಿಲ್ಲ.